ಹತ್ತಿ ಮೇಲೆ ನಡೆದ ಹಾಗೆ

ಮಾಸ್ತಿ
11 ಜೂನ್ 2023

ಅಕ್ಕಾ,

ಮೊನ್ನೆ ಫೋನಿನಲ್ಲಿ ನಾನು "ಶುಗರ್ ಎಷ್ಟಿದೆ?" ಅಂತ ಕೇಳಿದ್ರೆ, ನೀನು "ಡಬ್ಬಿ ತುಂಬ ಇದೆ, ಸೊಸೆ ಅನಿತ ಹೋದ ವಾರ ತಂದಳು" ಅಂದೆ. ನನಗೆ ನಗು ಬಂತು. ಆಮೇಲೆ ಕಿರುಚಿ ಕಿರುಚಿ ಗಂಟಲು ಹೋಯ್ತು. ನಿನ್ನ ಮಗ ನಂದಕುಮಾರ ಕಿವಿ ಮಿಷನ್ ತಂದುಕೊಟ್ಟು ವರ್ಷ ಆಯ್ತಂತೆ, ಬೀರುವಿನಲ್ಲೇ ಇದೆಯಂತೆ. ನೀನು ಅದನ್ನ ಹಾಕ್ಕೊಳ್ಳೋವರೆಗೂ ನಾನು ಕಾಗದ ಬರೀತೀನಿ. ಯಲ್ದೂರು ಸ್ಕೂಲಲ್ಲಿ ನಿನ್ನಷ್ಟು ದುಂಡಗೆ ಬರೆಯೋರು ಇನ್ನೊಬ್ಬರಿರಲಿಲ್ಲ. ನೀನೂ ಬರಿ.

ನನ್ನ ಸಮಾಚಾರ ಕೇಳು. ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೆ ನಾನೂ ಭಾರತಮ್ಮನೂ ಕೆರೆ ಕಟ್ಟೆ ಮೇಲೆ ಇರ್ತೀವಿ. ಮೊದಲು ನಾವಿಬ್ಬರೇ ಇದ್ವಿ, ಈಗ ಊರಿನ ಹೆಂಗಸರು ಒಂದು ಗುಂಪೇ ಬರ್ತಾರೆ. ರಾತ್ರಿ ಅನ್ನ ಬಿಟ್ಟಿದ್ದೀನಿ. ಕಾಫಿಗೆ ಸಕ್ಕರೆ ಇಲ್ಲ. ಮಂಡಿ ನೋವು ಅರ್ಧ ಹೋಯ್ತು. ಹಾಲಿನ ಡೈರಿಯಲ್ಲಿ ಲೆಕ್ಕ ಬರೀತಾ ಕೂತೇ ಇಪ್ಪತ್ತು ವರ್ಷ ಕಳೆದವಳು ನಾನು, ಈಗ ನೋಡಿದ್ರೆ ನೀನು ಗುರುತು ಹಿಡಿಯಲ್ಲ.

ಡಾಕ್ಟರು ಹೇಳ್ತಾರೆ, ವಯಸ್ಸಾದ್ಮೇಲೆ ಕಾಲಲ್ಲಿ ಬಲ ಇರಬೇಕು, ಬಿದ್ದು ಮಲಗಿದ್ರೆ ಕಷ್ಟ ಅಂತ. ನೀನು ನನಗಿಂತ ಆರು ವರ್ಷ ದೊಡ್ಡವಳು, ನನಗಿಂತ ಮುಂಚೆ ಶುಗರ್ ಬಂದವಳು. ತೋಟ ಪಕ್ಕದಲ್ಲೇ ಇದೆ, ಬೆಳಿಗ್ಗೆ ಒಂದು ಸುತ್ತು ಹಾಕೋಕೆ ಏನು ಕಷ್ಟ? ಮಾವಿನ ಹಣ್ಣು ಮುಟ್ಟಬೇಡ. ಈ ತಿಂಗಳಲ್ಲಿ ಗೌನಿಪಲ್ಲಿಯಲ್ಲಿ ಮುಟ್ಟದೆ ಇರೋದು ಕಷ್ಟ, ಗೊತ್ತು.

ಭಾವ ಹೇಗಿದ್ದಾರೆ? ಕೈ ಸ್ವಲ್ಪ ಆಡ್ತಾ ಇದೆಯಾ? ಲಕ್ವ ಹೊಡೆದವರು ಎರಡು ವರ್ಷದಲ್ಲಿ ಎದ್ದು ಓಡಾಡಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಅವರನ್ನೂ ನಡೆಸು, ನೀನೂ ನಡಿ.

ನಿನ್ನ ತಂಗಿ
ಚಂದ್ರಕಲಾ


ಗೌನಿಪಲ್ಲಿ
2 ಜುಲೈ 2023

ಚಂದ್ರಾ,

ನಿನ್ನ ಕಾಗದ ಬಂತು. ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ಕೂಗಿದನಂತೆ, ನನಗೆ ಕೇಳಿಸಲಿಲ್ಲ. ಪಕ್ಕದ ಮನೆ ಮುನಿಶಾಮಮ್ಮ ಇಸ್ಕೊಂಡು ತಂದುಕೊಟ್ಟಳು. ಮಿಷನ್ ಹಾಕ್ಕೊಂಡ್ರೆ ಪಾತ್ರೆ ಸದ್ದು, ನಾಯಿ ಸದ್ದು, ಮಿಕ್ಸಿ ಸದ್ದು ಎಲ್ಲಾ ತಲೆಯೊಳಗೆ ಬಂದು ಕೂರುತ್ತೆ. ಮನುಷ್ಯರ ಮಾತು ಮಾತ್ರ ಆಗಲೂ ಕೇಳಿಸಲ್ಲ.

ನಿಮ್ಮ ಭಾವ ಪರವಾಗಿಲ್ಲ. ಈಗ ಗೋಡೆ ಹಿಡ್ಕೊಂಡು ನಡೀತಾರೆ. ಮೊನ್ನೆ ಪಡಸಾಲೆಯಿಂದ ಬಾಗಿಲವರೆಗೂ ಬಂದು, ಹೊಸ್ತಿಲ ಹತ್ರ ನಿಂತು ತೋಟ ನೋಡಿದ್ರು. ಬಾದಾಮಿ ಮಾವಿನ ಗಿಡದಲ್ಲಿ ಈ ಸಲ ಕಾಯಿ ಕಡಿಮೆ ಅಂತ ಕೈ ಸನ್ನೆ ಮಾಡಿದ್ರು. ಮಾತು ಇನ್ನೂ ಬಂದಿಲ್ಲ. ನನ್ನ ಹೆಸರು ಮಾತ್ರ ಹೇಳ್ತಾರೆ, ಬೇಕಾದ್ದಕ್ಕೂ ಬೇಡದ್ದಕ್ಕೂ "ರತ್ನ", "ರತ್ನ" ಅಂತ. ನನಗೆ ಕೇಳಿಸಲ್ಲ, ತುಟಿ ನೋಡಿ ತಿಳ್ಕೊಳ್ತೀನಿ.

ನಾನೂ ನಡೀತಾ ಇದ್ದೀನಿ. ತೋಟದ ಕೊನೇ ಬೇಲಿವರೆಗೂ ಹೋಗಿ ಬರ್ತೀನಿ. ಹಣ್ಣು ತಿನ್ನಲ್ಲ, ವಾಸನೆ ನೋಡ್ತೀನಿ ಅಷ್ಟೇ. ಮುದ್ದೆ ತಿಂತೀನಿ.

ನಂದಕುಮಾರ ನರಸಾಪುರದ ಫ್ಯಾಕ್ಟರಿಗೆ ಹೋಗೋದು ಬರೋದು, ಶಿಫ್ಟ್ ಯಾವಾಗ ಅಂತ ನನಗೆ ಲೆಕ್ಕ ಸಿಗಲ್ಲ. ಅನಿತ ಶ್ರೀನಿವಾಸಪುರದ ಸ್ಕೂಲಿಗೆ ಕೆಲಸಕ್ಕೆ ಹೋಗ್ತಾಳೆ. ಇಬ್ಬರೂ ಒಳ್ಳೆಯವರು. ಹಗಲೆಲ್ಲಾ ನಾವಿಬ್ಬರೇ ಇರ್ತೀವಿ. ಒಳ್ಳೇ ನೆಮ್ಮದಿ.

ನೀನು ಚೆನ್ನಾಗಿದ್ದೀಯಲ್ಲ, ಅಷ್ಟೇ ಬೇಕು.

ರತ್ನಕ್ಕ


ಮಾಸ್ತಿ
20 ಆಗಸ್ಟ್ 2023

ಅಕ್ಕಾ,

ನೇರವಾಗಿ ಕೇಳ್ತೀನಿ. ಯಾಕೆ ಸುಳ್ಳು ಬರೆದೆ?

ನಂದಕುಮಾರನಿಗೆ ಫೋನ್ ಮಾಡಿದ್ದೆ. "ಅಮ್ಮ ವಾಕಿಂಗ್ ಹೋಗ್ತಾಳಾ?" ಅಂದೆ. "ಇಲ್ಲ ಚಿಕ್ಕಮ್ಮ, ಮನೆ ಬಿಟ್ಟು ಹೊರಗೇ ಬರಲ್ಲ" ಅಂದ. ಶುಗರ್ ಮುನ್ನೂರರ ಹತ್ತಿರ ಇದೆಯಂತೆ. ಇನ್ನೂ ಏನೋ ಹೇಳೋಕೆ ಬಂದ, ಡ್ಯೂಟಿಯಲ್ಲಿದ್ದ, ಫೋನ್ ಇಟ್ಟ.

ಭಾವ ಗೋಡೆ ಹಿಡ್ಕೊಂಡು ಓಡಾಡ್ತಿದ್ದಾರೆ, ಸೊಸೆ ಅಡುಗೆ ಮಾಡಿಟ್ಟು ಹೋಗ್ತಾಳೆ. ನಿನಗೆ ಅರ್ಧ ಗಂಟೆ ಸಿಗಲ್ವಾ? ನೀನು ಮೊದಲಿನಿಂದಲೂ ಹೀಗೇ. ಅಮ್ಮ ನೀರಿಗೆ ಕಳಿಸಿದ್ರೆ ಬಾವಿಕಟ್ಟೆ ಮೇಲೆ ಕೂತು ಕತೆ ಕೇಳ್ಕೊಂಡು ಬರ್ತಿದ್ದೆ, ಬಿಂದಿಗೆ ನಾನು ಹೊರ್ತಿದ್ದೆ.

ನಮ್ಮೋರಿಗೂ ಹೇಳಿದೆ ಅಕ್ಕ. ಬೀಡಿ ಬಿಡಿ, ಉಪ್ಪಿನಕಾಯಿ ಬಿಡಿ, ಬಿ.ಪಿ. ಮಾತ್ರೆ ನುಂಗಿ. "ಆಯ್ತು ಕಣೇ, ಆಯ್ತು" ಅಂತಿದ್ರು. ಹಾಲು ಹಾಕೋಕೆ ಹೋದವರು ಕ್ಯಾನಿನ ಪಕ್ಕದಲ್ಲೇ ಕುಸಿದು ಬಿದ್ರು. ಐವತ್ತೆಂಟು ವಯಸ್ಸು. ಇನ್ನೊಬ್ಬರು "ಆಯ್ತು ಆಯ್ತು" ಅನ್ನೋದನ್ನ ನಾನು ಕೇಳಲ್ಲ.

ನಮ್ಮ ಹುಡುಗ ಅಮರನಾಥ ಈ ವಾರ ಕ್ಯಾಪ್ಸಿಕಂ ಸಸಿ ವಿಚಾರಕ್ಕೆ ಶ್ರೀನಿವಾಸಪುರಕ್ಕೆ ಬರ್ತಾನೆ. ಅವನ ಕೈಲಿ ಒಂದು ಜೊತೆ ಶೂ ಕಳಿಸಿದ್ದೀನಿ, ನಡೆಯೋಕೆ ಅಂತಾನೇ ಮಾಡಿರೋದು. ಅಳತೆ ಕೇಳೋಕೆ ಹೋಗಲಿಲ್ಲ, ನೀನು ಬೇಡ ಅಂತಿದ್ದೆ. ಮದುವೆಗೆ ಮುಂಚೆ ಒಂದೇ ಜೊತೆ ಚಪ್ಪಲಿ ಇಬ್ಬರೂ ಹಾಕ್ಕೊಳ್ತಿದ್ವಲ್ಲ, ನನ್ನ ಅಳತೆಗೇ ತಂದೆ. ಸೀರೆ ಮೇಲೆ ಶೂ ಹಾಕ್ಕೊಂಡ್ರೆ ಊರವರು ನಗ್ತಾರೆ ಅನ್ನಬೇಡ. ನಾನು ಹಾಕ್ಕೊಳ್ತೀನಿ. ಮೊದಲ ವಾರ ನಕ್ಕರು, ಈಗ ಅವರೂ ಹಾಕ್ಕೊಂಡಿದ್ದಾರೆ.

ಬರಿಗಾಲಲ್ಲಿ ಓಡಾಡಬೇಡ, ಶುಗರ್ ಇರೋರು ಕಾಲು ಜೋಪಾನ ಮಾಡ್ಕೋಬೇಕು. ಮನೆಯೊಳಗೂ ಹಾಕ್ಕೋ. ಆಣೆ ಹಾಕ್ತಿದ್ದೀನಿ.

ಚಂದ್ರ


ಗೌನಿಪಲ್ಲಿ
17 ಸೆಪ್ಟೆಂಬರ್ 2023

ಚಂದ್ರಾ,

ಕೋಪ ಇಳೀತಾ? ಬಾವಿಕಟ್ಟೆ ಮೇಲೆ ಕೂತಿದ್ದು ನಿಜ. ಬಿಂದಿಗೆ ನೀನು ಹೊತ್ತಿದ್ದು ಎರಡೋ ಮೂರೋ ಸಲ. ಅದನ್ನ ಐವತ್ತು ವರ್ಷ ಹೊತ್ತಿದ್ದೀಯ.

ಶೂ ಬಂತು. ಅಮರನಾಥ ನನ್ನ ಕಾಲ ಹತ್ರ ಕೂತು ತಾನೇ ಹಾಕಿ ಲೇಸು ಕಟ್ಟಿದ. "ಬಿಗಿ ಇದೆಯಾ ದೊಡ್ಡಮ್ಮ?" ಅಂತ ಕೇಳಿದ ಅನ್ಸುತ್ತೆ, ಇಲ್ಲ ಅಂದೆ. ಎಷ್ಟು ಮೆತ್ತಗಿದೆ ಗೊತ್ತಾ, ಹತ್ತಿ ಮೇಲೆ ನಡೆದ ಹಾಗೆ ಇರುತ್ತೆ. ಕಾಲಿಗೆ ಏನೂ ಗೊತ್ತೇ ಆಗಲ್ಲ. ಕಲ್ಲು ಸಿಕ್ಕರೂ ಗೊತ್ತಾಗಲ್ಲ. ನೀನು ಹೇಳಿದ ಹಾಗೆ ಮನೆಯೊಳಗೂ ಹಾಕ್ಕೊಂಡಿರ್ತೀನಿ. ಬಗ್ಗಿ ಬಿಚ್ಚೋದು ಕಷ್ಟ, ಅದಕ್ಕೇ ಬೆಳಿಗ್ಗೆ ಅನಿತ ಹಾಕಿದ್ರೆ ಸಂಜೆ ಅವಳು ಬಂದು ಬಿಚ್ಚೋವರೆಗೂ ಇರುತ್ತೆ. ಮುನಿಶಾಮಮ್ಮ ನೋಡಿ, "ಏಮಕ್ಕಾ, ಪೋಲೀಸ್ ಆಗ್ಬಿಟ್ಟೆ" ಅಂತ ನಗಾಡ್ತಾಳೆ. ಅವಳ ಮಾತು ಮಾತ್ರ ನನಗೆ ಹೇಗೋ ತಿಳಿಯುತ್ತೆ. ಬಾಯಿ ದೊಡ್ಡದು ಮಾಡಿ ಮಾತಾಡ್ತಾಳೆ.

ಈಗ ನಿಜವಾಗ್ಲೂ ನಡೀತಿದ್ದೀನಿ. ಭಾವ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಬೇಲಿವರೆಗೂ ಹೋಗಿ ಓಡಿ ಬರ್ತೀನಿ. ಅವರು ಎದ್ದು ಕರೆದ್ರೆ ನನಗೆ ಕೇಳಿಸಲ್ವಲ್ಲ, ಅದೊಂದು ಭಯ. ಮೊನ್ನೆ ಬರೋ ಹೊತ್ತಿಗೆ ಅವರ ಕಣ್ಣಲ್ಲಿ ನೀರಿತ್ತು. ಎಷ್ಟು ಹೊತ್ತಿನಿಂದ ಕರೀತಿದ್ದರೋ.

ನೀನು ಬರೆದದ್ದು ಸರಿ. ನಿನ್ನ ಯಜಮಾನರು ಒಳ್ಳೆಯವರು. ಅವರನ್ನ ನೆನೆಸ್ಕೊಂಡು ನನ್ನ ಮೇಲೆ ರೇಗಬೇಡ.

ರತ್ನಕ್ಕ


ಮಾಸ್ತಿ
5 ಅಕ್ಟೋಬರ್ 2023

ಅಕ್ಕಾ,

ನಿನ್ನ ಕಾಗದ ಓದಿ ಕುಣಿಯೋ ಹಾಗಾಯ್ತು. ಹತ್ತಿ ಮೇಲೆ ನಡೆದ ಹಾಗೆ! ಭಾರತಮ್ಮನಿಗೂ ಓದಿ ಹೇಳಿದೆ. ನೋಡು, ಎಪ್ಪತ್ತೆರಡರಲ್ಲಿ ನಿನಗೆ ಹೊಸ ಕಾಲು ಬಂತು.

ಭಾವ ಕಣ್ಣಲ್ಲಿ ನೀರು ತಂದ್ಕೊಂಡ್ರೆ ನೀನು ಕರಗಬೇಡ. ಹತ್ತು ನಿಮಿಷ ನೀನಿಲ್ಲದೆ ಇರೋದು ಅವರೂ ಕಲೀಲಿ. ಗಂಡಸರು ಹೆಂಡತಿ ಕೈಗೆ ಬಿದ್ರೆ ತಾವೇ ಎದ್ದು ಲೋಟ ನೀರೂ ತಗೊಳ್ಳಲ್ಲ. ಎಲ್ಲ ನೀನೇ ಮಾಡ್ತಿದ್ರೆ ಅವರು ಎದ್ದೇಳೋದು ಯಾವಾಗ?

ನಾನು ಇನ್ನೂ ಇಳಿದಿದ್ದೀನಿ. ರಾತ್ರಿ ಊಟ ಪೂರ್ತಿ ಬಿಟ್ಟೆ, ಒಂದು ಲೋಟ ಮಜ್ಜಿಗೆ ಅಷ್ಟೇ. ಸುನಂದ ಗೊಣಗ್ತಾಳೆ, "ಅತ್ತೆ, ಮಾತ್ರೆ ನುಂಗೋರು ಹೊಟ್ಟೆ ಖಾಲಿ ಬಿಡಬಾರದು" ಅಂತ. ಸೊಸೆಯಾಗಿ ಹೇಳೋದು ಅವಳ ಧರ್ಮ. ಬೆಳಿಗ್ಗೆ ನಡೆಯೋವಾಗ ಒಂದೊಂದು ಸಲ ಕಣ್ಣು ಕತ್ತಲೆ ಬರುತ್ತೆ, ಕೈ ನಡುಗುತ್ತೆ. ಪಿತ್ತ ಇರಬೇಕು. ನಿಂಬೆ ನೀರು ಕುಡಿದ್ರೆ ಹೋಗುತ್ತೆ.

ದಸರಾ ಆದ್ಮೇಲೆ ಬರ್ತೀನಿ. ಇಬ್ಬರೂ ತೋಟದಲ್ಲಿ ನಡೆಯೋಣ.

ಚಂದ್ರ


ಗೌನಿಪಲ್ಲಿ
31 ಅಕ್ಟೋಬರ್ 2023

ಚಂದ್ರಾ,

ಹಬ್ಬ ಆಯ್ತು. ಅನಿತ ಒಬ್ಬಳೇ ಮಾಡಿದಳು, ಪಾಪ.

ನೀನು ಬರೋದು ಈಗ ಬೇಡ. ಭಾವನಿಗೆ ಸ್ವಲ್ಪ ಕಫ ಇದೆ. ಬಂದವರನ್ನ ನೋಡ್ಕೊಳ್ಳೋಕೆ ನನಗೂ ಆಗಲ್ಲ. ಕಾಲಿನ ಕಿರುಬೆರಳ ಹತ್ರ ಒಂಚೂರು ಗಾಯ ಆಗಿದೆ. ಎಲ್ಲೋ ಎಡವಿರಬೇಕು, ಯಾವಾಗ ಅಂತಲೇ ಗೊತ್ತಾಗಲಿಲ್ಲ. ನೋವು ಒಂಚೂರೂ ಇಲ್ಲ. ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದೀನಿ. ಬಣ್ಣ ಮಾತ್ರ ಸ್ವಲ್ಪ ಕಪ್ಪಗಾಗಿದೆ, ಮುನಿಶಾಮಮ್ಮ ಮೂಗು ಮುಚ್ಕೊಳ್ತಾಳೆ.

ನಂದಕುಮಾರನಿಗೆ ಹೇಳ್ಬೇಡ. ಹೇಳಿದ್ರೆ ಆಸ್ಪತ್ರೆ ಅಂತಾನೆ. ಆಸ್ಪತ್ರೆಗೆ ಹೋದ್ರೆ ಇಟ್ಕೊಳ್ತಾರೆ. ಈಗ ನಾನು ಮನೆ ಬಿಡೋ ಹಾಗಿಲ್ಲ.

ರತ್ನಕ್ಕ


ಮಾಸ್ತಿ
7 ನವೆಂಬರ್ 2023

ಅಕ್ಕಾ,

ಕಾಗದ ಈಗ ತಾನೇ ಬಂತು. ಕಪ್ಪಗಾಗಿದೆ, ನೋವಿಲ್ಲ, ವಾಸನೆ ಇದೆ ಅಂತ ಬರೆದಿದ್ದೀಯ. ಅದೆಂಥ ಗಾಯ ಅಂತ ನಿನಗೆ ಗೊತ್ತಿಲ್ವಾ? ನಮ್ಮ ಊರಿನಲ್ಲೇ ಹೀಗೆ ಮಂಡಿವರೆಗೂ ಕಾಲು ತೆಗೆಸ್ಕೊಂಡವರಿದ್ದಾರೆ.

ಇದನ್ನ ಬರೀತಾ ಇರೋವಾಗಲೇ ನಂದಕುಮಾರನಿಗೆ ಫೋನ್ ಮಾಡಿ ಆಯ್ತು. "ಕೈಕಾಲು ಹಿಡಿದು ಎತ್ಕೊಂಡಾದ್ರೂ ಹೋಗು" ಅಂದೆ. ಬಯ್ಯಿ, ನನ್ನ ಜೊತೆ ಮಾತು ಬಿಡು. ಈ ಕಾಗದ ಸೇರೋ ಹೊತ್ತಿಗೆ ನೀನು ಕೋಲಾರದಲ್ಲಿರ್ತೀಯ.

ಭಾವನ್ನ ನಾಲ್ಕು ದಿನ ಅನಿತ ನೋಡ್ಕೊಳ್ತಾಳೆ. ಅವರೇನು ಮಗುವಾ?

ಚಂದ್ರ


ಮಾಸ್ತಿ
5 ಡಿಸೆಂಬರ್ 2023

ಅಕ್ಕಾ,

ಹೇಗೆ ಶುರು ಮಾಡಬೇಕು ಅಂತ ಗೊತ್ತಾಗ್ತಿಲ್ಲ. ಭಾವ ಹೋದ ಸುದ್ದಿ ಅದೇ ದಿನ ಗೊತ್ತಾಯ್ತು. ಅಮರನಾಥ ಬಂದಿದ್ನಲ್ಲ. ನನಗೆ ಬರೋಕಾಗಲಿಲ್ಲ. ಇಲ್ಲಿ ಬೀನ್ಸ್ ಕೊಯ್ಲು, ಸುನಂದನಿಗೂ ಹುಷಾರಿರಲಿಲ್ಲ. ಹನ್ನೊಂದನೇ ದಿನಕ್ಕಾದ್ರೂ ಬರಬೇಕು ಅಂದ್ಕೊಂಡಿದ್ದೆ.

ಭಾವ ನನ್ನ ಮದುವೆಯಲ್ಲಿ ಓಡಾಡಿದ್ದು ಕಣ್ಣ ಮುಂದೆ ಇದೆ. ಒಂದು ಸಲವೂ ನನ್ನ ಹೆಸರು ಹಿಡಿದು ಕರೆದವರಲ್ಲ, ತಂಗಿ ಅನ್ನೋಕೆ ತೆಲುಗಲ್ಲಿ "ಚೆಲ್ಲಿ" ಅಂತಿದ್ರು.

ನಿನ್ನ ಎರಡು ಬೆರಳು ತೆಗೆದ್ರು ಅಂತ ನಂದಕುಮಾರ ಹೇಳಿದ. ಇನ್ನೊಂದು ವಾರ ತಡ ಆಗಿದ್ರೆ ಕಾಲೇ ಹೋಗ್ತಿತ್ತಂತೆ. ಅಷ್ಟಕ್ಕೆ ಮುಗೀತು ಅಂತ ಸಮಾಧಾನ ಮಾಡ್ಕೋ. ಗಾಯ ಮಾಯೋಕೆ ಬೇಳೆ, ಕಾಳು, ಮೊಟ್ಟೆ ತಿನ್ನು. ದುಃಖದಲ್ಲಿ ಊಟ ಬಿಡಬೇಡ. ಕಾಲು ಕೆಳಗೆ ಇಳಿಬಿಟ್ಟು ಕೂರಬೇಡ.

ಅಕ್ಷರ ಸೊಟ್ಟಗಿದೆ, ಪೆನ್ನು ಸರಿಯಿಲ್ಲ.

ಚಂದ್ರ


ಗೌನಿಪಲ್ಲಿ
12 ಜನವರಿ 2024

ಚಂದ್ರಕಲಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಅಂತಿದ್ದೆ. ಬೀನ್ಸ್ ಕೊಯ್ಲು ಅಂತ ಬರೆದಿದ್ದೀಯ. ಇರಲಿ. ಬೆಳಿಗ್ಗೆ ಕೆರೆ ಕಟ್ಟೆ ಬಿಟ್ಟು ಬರೋದೂ ಕಷ್ಟವೇ.

ನೀನು ಕೇಳದಿದ್ರೂ ಹೇಳ್ತೀನಿ. ನಿಮ್ಮ ಭಾವ ಲಕ್ವ ಹೊಡೆದ ದಿನದಿಂದ ಒಂದು ಹೆಜ್ಜೆ ಇಟ್ಟವರಲ್ಲ. ಗೋಡೆ ಹಿಡೀಲಿಲ್ಲ, ಹೊಸ್ತಿಲ ಹತ್ರ ಬರಲಿಲ್ಲ. ಬಾದಾಮಿ ಗಿಡ ನೋಡಲಿಲ್ಲ. ಅವರನ್ನ ಮಗ್ಗುಲು ತಿರುಗಿಸಿ ಬೆನ್ನಿಗೆ ಪೌಡರ್ ಹಾಕೋದು, ಒರೆಸೋದು, ತಿನ್ನಿಸೋದು, ಇದೇ ನನ್ನ ವಾಕಿಂಗ್ ಆಗಿತ್ತು. ನಂದಕುಮಾರನಿಗೂ ಬಾಯಿ ಬಿಡಬೇಡ ಅಂತ ಹೇಳಿದ್ದೆ. ಯಾಕೆ ಹಾಗೆ ಬರೆದೆ ಅಂತ ನೀನು ಕೇಳ್ತೀಯ. ನೀನು ಎಲ್ಲರೂ ಎದ್ದು ಓಡಾಡ್ತಾರೆ ಅಂತ ಬರೆದಿದ್ದೆ. ಎದ್ದಿಲ್ಲ ಅಂತ ಬರೆದ್ರೆ ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂದ ಹಾಗಾಗ್ತಿತ್ತು. ಆಮೇಲೆ ಇನ್ನೊಂದು. ಆ ಕಾಗದ ಬರೆಯೋವಾಗ ಅವರು ನಿಜವಾಗ್ಲೂ ಬಾಗಿಲವರೆಗೂ ಬಂದ ಹಾಗೆ ಇತ್ತು ನನಗೆ.

ಅವರಿಗೆ ಗಂಜಿ ಕುಡಿಸೋದು ಸುಲಭ ಅಲ್ಲ. ಬೆನ್ನಿಗೆ ಎರಡು ದಿಂಬು ಕೊಟ್ಟು, ಗದ್ದ ಕೆಳಗೆ ಮಾಡಿ, ಒಂದು ಚಮಚ ಹಾಕಿ ಗಂಟಲು ನೋಡ್ತಾ ಕಾಯಬೇಕು. ಗಂಟಲು ಆಡಿದ್ಮೇಲೆ ಇನ್ನೊಂದು. ಒಂದು ಲೋಟಕ್ಕೆ ಒಂದು ಗಂಟೆ ಹಿಡಿಯೋದು. ನಂದಕುಮಾರ ನನ್ನನ್ನ ಕಾರಿಗೆ ಹತ್ತಿಸೋವಾಗ ಅನಿತನಿಗೆ ಇದನ್ನೆಲ್ಲಾ ಹೇಳಿದೆ. ಅವಳು ತಲೆ ಆಡಿಸಿದಳು. ರಜ ಹಾಕಿ ನೋಡ್ಕೊಂಡಳು. ಅವಳ ತಪ್ಪು ಏನೂ ಇಲ್ಲ. ಅವರು ನನ್ನನ್ನ ಹುಡುಕ್ತಾ ಕತ್ತು ತಿರುಗಿಸಿದ್ರಂತೆ, ಗಂಜಿ ಶ್ವಾಸಕ್ಕೆ ಹೋಯ್ತು. ಆಮೇಲೆ ಜ್ವರ, ಕಫ. ಡಾಕ್ಟರನ್ನ ಮನೆಗೇ ಕರೆಸಿದ್ರು. ಆಗಲಿಲ್ಲ.

ನಾನು ಕೋಲಾರದ ಆಸ್ಪತ್ರೆಯಲ್ಲಿ ಕಾಲು ಮೇಲೆ ಮಾಡಿ ಮಲಗಿದ್ದೆ. ನಂದಕುಮಾರ ಬಂದು ಮಂಚದ ಪಕ್ಕ ನಿಂತು ಏನೋ ಹೇಳಿದ. ನನಗೆ ಕೇಳಿಸಲಿಲ್ಲ. "ಜೋರಾಗಿ ಹೇಳು" ಅಂದೆ. ಜೋರಾಗಿ ಹೇಳಿದ. ವಾರ್ಡಿನಲ್ಲಿ ಇದ್ದವರೆಲ್ಲಾ ನನ್ನ ಕಡೆ ತಿರುಗಿದ್ರು. ಎಲ್ಲರಿಗೂ ಗೊತ್ತಾಯ್ತು, ನನಗೆ ಗೊತ್ತಾಗಲಿಲ್ಲ. ಕೊನೆಗೆ ಅವನು ನನ್ನ ಹಣೆ ಮುಟ್ಟಿ, ಕುಂಕುಮದ ಮೇಲೆ ಬೆರಳಿಟ್ಟು ಅತ್ತ.

ಕುರ್ಚಿಯಲ್ಲಿ ಕೂರಿಸಿ ಮನೆಗೆ ತಂದ್ರು. ಎದ್ದು ಹತ್ತಿರ ಹೋಗೋಕಾಗಲಿಲ್ಲ. ಕೂತಲ್ಲಿಂದಲೇ ನೋಡಿದೆ. ಅವರ ಕತ್ತು ಬಾಗಿಲ ಕಡೆಗೇ ತಿರುಗಿತ್ತು.

ಅಮರನಾಥನೂ ಬಂದಿದ್ದ, ನಿನ್ನ ವಿಚಾರ ಏನೋ ಹೇಳಿದ. ಸುಮ್ಮನೆ ತಲೆ ಆಡಿಸಿದೆ.

ನೀನು ನನ್ನ ಕಾಲು ಉಳಿಸಿದೆ. ಡಾಕ್ಟರೂ ಹಾಗೇ ಅಂದ್ರು. ಸರಿ. ಕಾಲು ಇದೆ.

ವೆಂಕಟರತ್ನಮ್ಮ


ಮಾಸ್ತಿ
27 ಜನವರಿ 2024

ಅಕ್ಕಾ,

ನಿನ್ನ ಕಾಗದ ಸುನಂದ ಓದಿ ಹೇಳಿದಳು, ಆಮೇಲೆ ನಾನೇ ಓದ್ಕೊಂಡೆ.

ಪೆನ್ನು ಸರಿಯಾಗೇ ಇತ್ತು. ನಾನು ಮಲಗಿಕೊಂಡು ಬರೆದಿದ್ದೆ, ಈಗಲೂ ಮಲಗಿಕೊಂಡೇ ಬರೀತಿದ್ದೀನಿ. ನವೆಂಬರಿನಲ್ಲಿ, ಭಾವ ಹೋಗೋಕೆ ಮೂರು ದಿನ ಮುಂಚೆ, ಕೆರೆ ಕಟ್ಟೆ ಮೇಲಿಂದ ಬಿದ್ದೆ. ಸೊಂಟದ ಮೂಳೆ ಮುರೀತು, ಕಂಬಿ ಹಾಕಿದ್ದಾರೆ. ಹಿಂದಿನ ರಾತ್ರಿ ಏನೂ ತಿಂದಿರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಮಾತ್ರೆ ನುಂಗಿ ಹೊರಟಿದ್ದೆ. ಪಿತ್ತ ಅಲ್ಲ, ಶುಗರ್ ಇಳಿದು ತಲೆ ತಿರುಗಿದ್ದು. ಭಾರತಮ್ಮ ಬಾಯಿಗೆ ಸಕ್ಕರೆ ಹಾಕದಿದ್ರೆ ಅಲ್ಲೇ ಹೋಗ್ತಿದ್ದೆ ಅಂದ್ರು ಡಾಕ್ಟರು. ನಿನಗೆ ಹೇಳ್ಬೇಡ ಅಂತ ಅಮರನಾಥನಿಗೆ ಅಂದಿದ್ದೆ. ನಿನಗೆ ಅಂಥ ಹೊತ್ತಿನಲ್ಲಿ ಇನ್ನೊಂದು ಚಿಂತೆ ಯಾಕೆ ಅಂತ ಬಾಯಲ್ಲಿ ಅಂದೆ. ನಿನಗೆ ಅಷ್ಟೆಲ್ಲಾ ಬುದ್ಧಿ ಹೇಳಿ ನಾನೇ ಬಿದ್ದಿದ್ದು ನಾಚಿಕೆ ಆಗಿತ್ತು, ಅದೂ ಇತ್ತು.

ಈಗ ನನ್ನನ್ನೂ ಮಗ್ಗುಲು ತಿರುಗಿಸ್ತಾರೆ. ಸುನಂದ ಒಂದು ಕೈ ಬೆನ್ನಿಗೆ, ಒಂದು ಕೈ ಮಂಡಿಗೆ ಕೊಟ್ಟು "ಉಸಿರು ಬಿಡಿ ಅತ್ತೆ" ಅಂತಾಳೆ. ಅವಳು ಹೊಲಕ್ಕೆ ಹೋಗಿರ್ತಾಳೆ, ನನಗೆ ಮಗ್ಗುಲು ನೋವು ಬಂದಿರುತ್ತೆ, ಕೂಗಬಾರದು ಅಂತ ತಡ್ಕೊಂಡಿರ್ತೀನಿ. ಆಗ ಭಾವ ಕಣ್ಣ ಮುಂದೆ ಬರ್ತಾರೆ. ಹತ್ತು ನಿಮಿಷ ನೀನಿಲ್ಲದೆ ಇರೋದು ಕಲೀಲಿ ಅಂತ ಬರೆದಿದ್ದೆ ನಾನು.

ಒಂದು ಕೇಳ್ತೀನಿ, ನಿಜ ಹೇಳು. ಎಡವಿದ್ದು ಅಂತ ಬರೆದಿದ್ದೆ. ಅದು ಎಡವಿದ್ದಾ, ನಾನು ಕಳಿಸಿದ ಶೂ ಕಚ್ಚಿದ್ದಾ? ನಂದಕುಮಾರನ್ನ ಕೇಳಿದೆ, ಮಾತು ಮರೆಸಿದ.

ಚಂದ್ರ


ಗೌನಿಪಲ್ಲಿ
15 ಫೆಬ್ರವರಿ 2024

ಚಂದ್ರಾ,

ಅಯ್ಯೋ ದೇವುಡಾ, ಮೂರು ತಿಂಗಳಿಂದ ಮಲಗಿದ್ದೀಯ. ನಾನು ಕೆರೆ ಕಟ್ಟೆ ಅಂತ ಬರೆದೆ. ಆ ಕಾಗದ ಹರಿದು ಹಾಕು.

ಶೂ ಕಚ್ಚಿದ್ದೇ. ಮದುವೆಗೆ ಮುಂಚಿನ ಕಾಲು ಈಗ ಇಲ್ಲ ಚಂದ್ರ. ಊದಿ ಊದಿ ಅಗಲ ಆಗಿದೆ. ಬಿಗಿ ಇದ್ದದ್ದು ನನಗೆ ತಿಳೀಲೇ ಇಲ್ಲ. ಶುಗರ್ ಇದ್ದು ಇದ್ದು ನರ ಸತ್ತುಹೋಗಿದೆಯಂತೆ, ಬೆಂಕಿ ತಗುಲಿದ್ರೂ ಗೊತ್ತಾಗಲ್ವಂತೆ. ನಾನು ಮೆತ್ತಗಿದೆ ಅಂದ್ಕೊಂಡೆ.

ನಿನ್ನ ತಪ್ಪಲ್ಲ ಅಂತ ಬರೆದ್ರೆ ನೀನು ನಂಬಲ್ಲ. ಆಸ್ಪತ್ರೆಯಲ್ಲಿ ಮಲಗಿ ನಿನ್ನದೇ ತಪ್ಪು ಅಂತ ಎಷ್ಟೋ ದಿನ ಅಂದ್ಕೊಂಡೆ. ಶೂ ಕಳಿಸಿದ್ದು ನೀನು, ಫೋನ್ ಮಾಡಿದ್ದು ನೀನು. ಆಮೇಲೆ ನೋಡಿದ್ರೆ, ಅವರು ನಡೀತಾರೆ ಅಂತ ಬರೆದದ್ದು ನನ್ನ ಕೈ. ನಿಜ ಬರೆದಿದ್ರೆ ನೀನು ಶೂ ಕಳಿಸ್ತಿರಲಿಲ್ಲ, ನೀನೇ ಬರ್ತಿದ್ದೆ. ಇಷ್ಟು ಯೋಚನೆ ಮಾಡಿ ಈಗ ಸುಸ್ತಾಗಿದೆ.

ಸೊಸೆ ಮಾತು ಕೇಳು. ತಿಂದು ಮಾತ್ರೆ ನುಂಗು. ಮಗ್ಗುಲು ನೋವು ಬಂದ್ರೆ ತಡ್ಕೋಬೇಡ, ಕೂಗು. ನಿಮ್ಮ ಮನೇಲಿ ಕಿವಿ ಕೇಳೋರಿದ್ದಾರೆ.

ರತ್ನಕ್ಕ


ಮಾಸ್ತಿ
14 ಮಾರ್ಚ್ 2024

ಅಕ್ಕಾ,

ಇವತ್ತು ವಾಕರ್ ಹಿಡಿದು ಅಂಗಳದವರೆಗೂ ಬಂದೆ. ನಾಲ್ಕು ಹೆಜ್ಜೆ ಇಟ್ಟು ನಿಲ್ತೀನಿ, ಮತ್ತೆ ನಾಲ್ಕು. ಭಾರತಮ್ಮ ಬಂದು ಪಕ್ಕದಲ್ಲಿ ನಿಧಾನಕ್ಕೆ ನಡೀತಾಳೆ. ಮೊದಲು ಅವಳು ಹಿಂದೆ ಬಿದ್ರೆ ನಾನು ಬಯ್ತಿದ್ದೆ.

ರಾತ್ರಿ ಅರ್ಧ ಮುದ್ದೆ, ಸೊಪ್ಪಿನ ಸಾರು ತಿಂತಿದ್ದೀನಿ. ಮಾತ್ರೆ ಡಾಕ್ಟರು ಕಡಿಮೆ ಮಾಡಿದ್ರು.

ನಿನಗೆ ಹೀಗಿರು ಹಾಗಿರು ಅಂತ ಬರೆಯೋಕೆ ಈಗ ಕೈ ಬರಲ್ಲ. ಏನು ಬರೀಬೇಕು ಅಂತಲೂ ತೋಚಲ್ಲ. ನೀನು ಹೇಗೆ ದಿನ ಕಳೀತೀಯ, ಅದನ್ನ ಬರಿ. ಇದ್ದದ್ದು ಇದ್ದ ಹಾಗೆ.

ಯುಗಾದಿ ಆದ್ಮೇಲೆ ಅಮರನಾಥ ಕಾರಲ್ಲಿ ಕರ್ಕೊಂಡು ಬರ್ತೀನಿ ಅಂದಿದ್ದಾನೆ. ಬರಲಾ?

ಚಂದ್ರ


ಗೌನಿಪಲ್ಲಿ
1 ಏಪ್ರಿಲ್ 2024

ಚಂದ್ರಾ,

ಇದ್ದದ್ದು ಇದ್ದ ಹಾಗೆ ಬರೀತೀನಿ.

ಮೊನ್ನೆ ನಂದಕುಮಾರ ಶ್ರೀನಿವಾಸಪುರಕ್ಕೆ ಚೆಕಪ್‌ಗೆ ಕರ್ಕೊಂಡು ಹೋಗಿದ್ದ. ಗಾಯ ಪೂರ್ತಿ ಮಾಯ್ದಿದೆ. ಶುಗರ್ ನೂರಾ ನಲವತ್ತು. ಬಿ.ಪಿ. ಸರಿ ಇದೆ. ತೂಕವೂ ಸ್ವಲ್ಪ ಕೂಡಿದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬೆನ್ನು ತಟ್ಟಿ ನಂದಕುಮಾರನಿಗೆ ಏನೋ ಹೇಳಿ ನಕ್ಕಳು. ಹೊರಗೆ ಬಂದ್ಮೇಲೆ ಅವನು ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದ. ಅಜ್ಜಿ ಏನು ಮಾಡ್ತಿದ್ದಾರೋ ಅದನ್ನೇ ಮಾಡ್ಕೊಂಡು ಹೋಗಲಿ, ಇನ್ನೂ ಇಪ್ಪತ್ತು ವರ್ಷ ಇರ್ತಾರೆ, ಅಂದಳಂತೆ.

ನಾನು ಏನು ಮಾಡ್ತಿದ್ದೀನಿ ಗೊತ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀನಿ. ತಿನ್ನೋವಾಗ ಎದ್ದು ಹೋಗೋ ಕೆಲಸ ಇಲ್ಲ. ಬೆಳಗಿನ ತನಕ ನಿದ್ದೆ ಮಾಡ್ತೀನಿ. ಭಾರ ಎತ್ತಲ್ಲ, ಸೊಂಟ ನೋವು ಹೋಗಿದೆ. ಆಸ್ಪತ್ರೆಯವರು ಅಳತೆ ತಗೊಂಡು ಮಾಡಿಸಿಕೊಟ್ಟ ಚಪ್ಪಲಿ ಹಾಕ್ಕೊಂಡು ತೋಟದ ಬೇಲಿವರೆಗೂ ನಡೆದು ಬರ್ತೀನಿ, ಅವಸರ ಇಲ್ಲ. ನೀನು ಮೊದಲ ಕಾಗದದಲ್ಲಿ ಏನೇನು ಬರೆದಿದ್ದೆಯೋ ಅದೆಲ್ಲಾ ಈಗ ಆಗ್ತಿದೆ. ಅವರು ಇದ್ದಾಗ ಒಂದೂ ಆಗಲಿಲ್ಲ.

ಆರೋಗ್ಯವಾಗಿದ್ದೀನಿ ಕಣೇ. ಅದನ್ನ ಇಟ್ಕೊಂಡು ಏನು ಮಾಡಬೇಕು ಅಂತ ಮಾತ್ರ ತಿಳೀತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಂದಕುಮಾರ ಎಳನೀರು ಕೊಡಿಸಿದ. ಕುಡೀತಾ ಕುಡೀತಾ ಅಳು ಬಂತು. ಅವನು ಕಾಲು ನೋವಾ ಅಂತ ಸನ್ನೆ ಮಾಡಿ ಕೇಳಿದ. ಹೌದು ಅಂದೆ.

ಅನಿತ ನನ್ನ ಹತ್ರ ಕೂತು ಮಾತಾಡಲ್ಲ, ಕಣ್ಣು ತಪ್ಪಿಸ್ತಾಳೆ. ಹೋದ ವಾರ ಅವಳನ್ನ ಕೈ ಹಿಡಿದು ಕೂರಿಸ್ಕೊಂಡೆ. "ನಿನ್ನ ಕೈಯ ಗಂಜಿ ಅವರಿಗೆ ಇಷ್ಟ ಇತ್ತು" ಅಂದೆ. ಅದು ಸುಳ್ಳು. ಅವಳು ನನ್ನ ತೊಡೆ ಮೇಲೆ ತಲೆ ಇಟ್ಟು ಎಷ್ಟೋ ಹೊತ್ತು ಅತ್ತಳು. ಏನೇನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಬೆನ್ನು ಸವರಿದೆ.

ಬರಲಾ ಅಂತ ಕೇಳ್ತೀಯಾ? ಬಾ. ಎರಡು ದಿನಕ್ಕೆ ಅಂತ ಬರಬೇಡ, ಬಟ್ಟೆ ಜಾಸ್ತಿ ತಗೊಂಡು ಬಾ. ನಡೆಯೋಕೆ ಆಗದಿದ್ರೆ ಬಿಡು, ಕೂತಿರೋಣ. ಪಡಸಾಲೆಯಲ್ಲಿ ಅವರ ಮಂಚ ತೆಗೆದಿದ್ದಾರೆ, ಜಾಗ ಖಾಲಿ ಇದೆ. ಇಬ್ಬರಿಗೂ ಅಲ್ಲೇ ಹಾಸಿಗೆ ಹಾಸಿಸ್ತೀನಿ. ಬೆಳಿಗ್ಗೆ ನನಗೆ ಎಚ್ಚರ ಆದ ಕೂಡಲೇ ಕೈ ಪಕ್ಕಕ್ಕೆ ಹೋಗುತ್ತೆ. ಅಲ್ಲಿ ಯಾರಾದ್ರೂ ಮಲಗಿದ್ರೆ ಸಾಕು.

ರತ್ನಕ್ಕ